ಗರ್ಗೂರಿನ ತಂತಿ

ಮೂರನೆಯ ತಂತಿಯೂ ಪಟ್ಟನೆ ತುಂಡಾಯಿತು. ಕಮಲಾಕ್ಷ ಇಕ್ಕಳ ಕೆಳಗಿಟ್ಟು ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಮೇಲುಮೇಲೆ ತುಸು ತುಕ್ಕು ಅಷ್ಟೇ ಎಂದುಕೊಂಡಿದ್ದ, ಸಮುದ್ರ ಅದನ್ನು ಒಳಗಿನವರೆಗೂ ತಿಂದುಬಿಟ್ಟಿತ್ತು. ಮೇಜಿನ ಮೇಲೆ ಅರ್ಧ ಬಿಚ್ಚಿದ ಗರ್ಗೂರ್, ಅಂದರೆ ತಂತಿಯಲ್ಲಿ ಹೆಣೆದ ಗುಮ್ಮಟದಂಥ ಮೀನಿನ ಬೋನು, ಒಂದು ಬದಿಗೆ ಕುಸಿದು ಕೂತಿತ್ತು.

"ಎಂತ ಕಮಲಣ್ಣ, ಇದೂ ಹೋಯ್ತಾ?" ಪಕ್ಕದ ಮೇಜಿನಿಂದ ಲತೇಶ್ ಕೇಳಿದ.

"ಹೋಯ್ತು ಮಾರಾಯ."

ಕೊಲ್ಲಿ ನಾಡಿನ ಸಿತ್ರಾದಲ್ಲಿ ಅಂಗಡಿಗಳ ಹೆಸರಿನ ಬೋರ್ಡ್ ಮಾಡುವ ಈ ವರ್ಕ್‌ಶಾಪಿಗೆ ಕಮಲಾಕ್ಷ ಬಂದು ಇಪ್ಪತ್ತೆರಡು ವರ್ಷ. ಲೇಸರ್ ಮಿಶನ್ ಬಂದ ಮೇಲೆ ಸಾಧಾರಣ ಅಕ್ಷರಗಳೆಲ್ಲ ಅದರ ಪಾಲಾದವು. ಮಿಶನ್ನಿಗೆ ಒಗ್ಗದವು ಮಾತ್ರ ಅವನ ಪಾಲಿಗೆ ಉಳಿದವು. ದೋಣಿಯವನೊಬ್ಬನ ಹೆಸರನ್ನು ಹಡಗಿನ ಹಗ್ಗದಲ್ಲಿ ಸುತ್ತಿದ್ದ, ಒಂದು ಹೋಟೆಲಿನ ಹೆಸರನ್ನು ಹಳೆಯ ಸ್ಪೂನುಗಳನ್ನು ಬೆಸೆದು ಮಾಡಿದ್ದ. ಅರಬ್ಬಿ ಓದಲು ಬರುತ್ತಿರಲಿಲ್ಲ. ಆದರೆ ಯಾವ ಗೆರೆ ಎಲ್ಲಿ ದಪ್ಪಗಾಗಬೇಕು, ಎಲ್ಲಿ ಸಪೂರಾಗಬೇಕು ಎಂಬುದು ಕೈಗೆ ಗೊತ್ತಿತ್ತು.

ಹೋದ ವಾರ ಶಹರ್‌ಬಾನು ಈ ಗರ್ಗೂರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನಂತೆ ಕೂರಿಸಿಕೊಂಡು ಬಂದಿದ್ದಳು. ಅವಳ ತಂದೆ ಯೂಸುಫ್ ತೀರಿಹೋಗುವ ಮೊದಲು ಹೆಣೆದ ಕೊನೆಯ ಬೋನು. ಶುಕ್ರವಾರ ಮುಹರ‍್ರಕ್‌ನಲ್ಲಿ ಅವಳ ಮೀನಿನ ಹೋಟೆಲು ತೆರೆಯಲಿತ್ತು. ಬಾಗಿಲ ಮೇಲೆ ತಂದೆಯ ಹೆಸರು ಅವರದೇ ತಂತಿಯಲ್ಲಿ ಇರಬೇಕು. ಮಾಲಕ ಎಲ್‌ರಾಯ್ "ಇದು ಆಗುವ ಕೆಲಸ ಅಲ್ಲ" ಎಂದಿದ್ದರು. "ನಾನು ಮಾಡ್ತೇನೆ ಬಿಡಿ" ಎಂದು ನಡುವೆ ಬಾಯಿ ಹಾಕಿದ್ದು ಕಮಲಾಕ್ಷನೇ.

ಇವತ್ತು ಮಂಗಳವಾರ.

ಲತೇಶ್ ಹತ್ತಿರ ಬಂದು ಧ್ವನಿ ತಗ್ಗಿಸಿದ. "ಹೊಸ ತಂತಿಗೆ ತುಕ್ಕು ಹಿಡಿಸುವ. ಉಪ್ಪುನೀರು, ಸ್ವಲ್ಪ ಆ್ಯಸಿಡ್. ನಾಡಿದ್ದಿಗೆ ಹಳೇದಾಗಿರ್ತದೆ. ಯಾರಿಗೆ ಗೊತ್ತಾಗ್ತದೆ?"

ಕಮಲಾಕ್ಷನಿಗೂ ಅದು ಹೊಳೆದಿತ್ತು. ಹೊಸ ಸುರುಳಿಯಿಂದ ಒಂದು ಮೊಳ ಕತ್ತರಿಸಿ ಬಗ್ಗಿಸಿಯೂ ನೋಡಿದ. ತಂತಿ ಹೇಳಿದ ಹಾಗೆ ಕೇಳಿತು. ಎರಡೇ ನಿಮಿಷಕ್ಕೆ ಒಂದು ಅಕ್ಷರ ತಯಾರಾಯಿತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಎದ್ದು ಹೋಗಿ ಕೈ ತೊಳೆದು ಫೋನು ತೆಗೆದ.

"ಬಾನು ಮೇಡಂ," ತನ್ನ ಹಿಂದಿಯಲ್ಲಿ ಹೇಳಿದ, "ನಿಮ್ಮ ತಂದೆಯ ಗರ್ಗೂರನ್ನು ನಾನು ಹಾಳುಮಾಡಿದೆ."

"ಬರ್ತೇನೆ" ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ಲತೇಶ್ ತಂದಿಟ್ಟ ಚಾ ಕೆನೆಗಟ್ಟಿತು. ಕಮಲಾಕ್ಷ ಮುರಿದ ಚೂರುಗಳನ್ನು ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಜೋಡಿಸಿದ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ಶಹರ್‌ಬಾನು ಬಂದವಳೇ ಒಂದು ಚೂರನ್ನೆತ್ತಿ ಬೆರಳಲ್ಲೇ ಲಟಕ್ಕೆಂದು ಮುರಿದಳು. ಅವಳಿಗೆ ಅಪ್ಪನ ಜೊತೆ ಮೀನು ಮಾರಿ ಕಲಿತ ಹಿಂದಿ ಬರುತ್ತಿತ್ತು.

"ಅಪ್ಪ ವರ್ಷಕ್ಕೆ ನಾಲ್ಕಾದರೂ ಗರ್ಗೂರ್ ಬಿಸಾಡ್ತಿದ್ದರು. ನಾನು ಇದನ್ನು ಇಟ್ಟುಕೊಂಡದ್ದು ಕಂಡಿದ್ದರೆ ನಗ್ತಿದ್ದರು. ನೀವು ಯಾಕೆ ಮನೆಗೆ ಬೆಂಕಿ ಬಿದ್ದವರ ಹಾಗೆ ನಿಂತಿದ್ದೀರಿ?"

ಕಮಲಾಕ್ಷ ಸ್ಟೂಲಿನ ಮೇಲೆ ಕುಸಿದು ಕುಳಿತ.

ಅವಳು ಬೋನಿನ ಸುತ್ತ ನಡೆದು, ಇನ್ನೂ ಬಿಚ್ಚದ ಅರ್ಧವನ್ನು ತಟ್ಟಿ ನೋಡಿದಳು. "ಬಿಚ್ಚಿ ನೇರ ಮಾಡಲು ಹೋದದ್ದೇ ತಪ್ಪು. ಬೋನು ಹರಿದರೆ ಅಪ್ಪ ಹಳೆಯದರಿಂದ ಹೆಣಿಗೆ ಸಮೇತ ತುಂಡು ಕತ್ತರಿಸಿ ತೇಪೆ ಹಾಕ್ತಿದ್ದರು. ಹೊಸ ತಂತಿಯಲ್ಲಿ ಕಟ್ತಿದ್ದರು. ಅಕ್ಷರಗಳನ್ನೂ ಹಾಗೇ ಕಟ್ಟುವ. ಆ ಗಂಟು ನನಗೆ ಬರ್ತದೆ."

"ಹೊಸ ತಂತಿ ಎದ್ದು ಕಾಣ್ತದಲ್ಲ ಮೇಡಂ?"

"ಕಾಣಲಿ. ಅವರ ಎಲ್ಲ ಬೋನೂ ಹಾಗೇ ಇತ್ತು."

ಕಮಲಾಕ್ಷ ಕಬ್ಬಿಣದ ಸರಳು ಬಗ್ಗಿಸಿ ಅಕ್ಷರಗಳ ಅಂಚು ಮಾಡಿದ. ಶಹರ್‌ಬಾನು ಅಬಾಯಾ ನಿಲುವಂಗಿಯ ತೋಳು ಮೇಲೇರಿಸಿ ನೆಲದಲ್ಲಿ ಕೂತಳು. ಅವನು ಹೆಣಿಗೆ ಹರಿಯದಂತೆ ಕತ್ತರಿಸಿ ಕೊಟ್ಟ, ಅವಳು ಅಂಚಿಗೆ ಕಟ್ಟಿದಳು. ಮೊದಲ ಗಂಟು ಎರಡು ಸಲ ಜಾರಿತು. ಆಮೇಲೆ ಬೆರಳುಗಳಿಗೆ ಎಲ್ಲ ನೆನಪಾಯಿತು.

"ಇದಕ್ಕೆ ಎಂತ ಹೇಳುವುದು?" ಮೂರು ಮೊನೆಯ ಒಂದು ಅರಬ್ಬಿ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದ.

"ಸೀನ್. ಗೊತ್ತಿಲ್ವಾ?"

"ಇಷ್ಟು ವರ್ಷ ನಾನು ಮೂರು ಹಲ್ಲು ಅಂತ ಹೇಳ್ತಿದ್ದದ್ದು."

ಅವಳು ನಕ್ಕಳು, ಇವನೂ ನಕ್ಕ. ಆಫೀಸಿನ ಗಾಜಿನಾಚೆಯಿಂದ ಎಲ್‌ರಾಯ್ ಒಮ್ಮೆ ಇಣುಕಿ ಒಳಗೆ ಸರಿದರು.

ಬುಧವಾರ ಸಂಜೆ ಐದಕ್ಕೆ ಕೊನೆಯ ಅಕ್ಷರದ ಚುಕ್ಕೆಯೂ ಕೂತಿತು. ಶಹರ್‌ಬಾನು ದೂರ ನಿಂತು ಹೆಸರನ್ನು ಒಮ್ಮೆ ಮೆಲ್ಲಗೆ ಓದಿದಳು. ಹೆಸರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಇಬ್ಬರೂ ಹಿಡಿದು ಕಾರಿಗೇರಿಸಿದರು.

ಕಂಪನಿ ಬಸ್ಸು ಸಿತ್ರಾದ ಸೇತುವೆ ದಾಟುವಾಗ ನೀರಿನ ಮೇಲಿನ ಬಿಸಿಲು ಕಿಟಕಿಯೊಳಗೆ ಬಿತ್ತು. ಬಸ್ಸಿನಲ್ಲಿ ಎಂದೂ ಕಣ್ಣು ಮುಚ್ಚದ ಕಮಲಾಕ್ಷ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಲತೇಶ್ ಅವನ ತೊಡೆಯಿಂದ ಜಾರುತ್ತಿದ್ದ ಬುತ್ತಿಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡ. ಕಮಲಾಕ್ಷನ ತಲೆ ಮೆಲ್ಲನೆ ಅವನ ಹೆಗಲಿಗೆ ವಾಲಿತು. ಲತೇಶ್ ಅಲ್ಲಾಡದೆ ಕೂತ.