ತೆಳ್ಳಗಿದ್ದವನಿಗೇಕೆ ಹೀಗಾಯಿತು?

ಪಾರ್ದಿ ಎದೆ ಭಾರ ಅಂದಾಗಲೆಲ್ಲ ಅವನ ಹೆಂಡತಿ ಮುರ್ನಿಗೆ ಗೊತ್ತಿದ್ದದ್ದು ಒಂದೇ ಮದ್ದು. ಬೆನ್ನಿಗೆ ತೈಲ ಹಚ್ಚಿ, ಕೆಂಪು ಗೀರು ಏಳುವ ಹಾಗೆ ನಾಣ್ಯದಿಂದ ಉಜ್ಜುವುದು. ಮೈಯೊಳಗೆ ಗಾಳಿ ಹೊಕ್ಕಿದೆ ಅಂದರೆ ನಮ್ಮ ಜಾವಾ ದ್ವೀಪದಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಪಾರ್ದಿ ಮಿನಿಬಸ್ ಓಡಿಸುತ್ತಿದ್ದ. ಕೈಕಾಲು ಕಡ್ಡಿ, ನಡುವೆ ಮಾತ್ರ ಗುಂಡಗಿನ ಹೊಟ್ಟೆ. ಬೆಳಗಿನಿಂದ ಸಂಜೆವರೆಗೆ ಸೀಟು ಬಿಟ್ಟು ಏಳುತ್ತಿರಲಿಲ್ಲ. ಬಾಯಲ್ಲಿ ಲವಂಗದ ಸಿಗರೇಟು, ಪಕ್ಕದಲ್ಲಿ ಪಾಕದಂಥ ಸಿಹಿ ಚಹಾ, ಎಣ್ಣೆಯಲ್ಲಿ ಕರಿದ ತೆಂಪೆ ಎಂಬ ಸೋಯಾ ಬಿಲ್ಲೆ. ಹೊಟ್ಟೆಯ ಕೊಬ್ಬು ಒಳ್ಳೆಯದಲ್ಲ ಅಂತ ಪಕ್ಕದ ಮನೆಯ ನರ್ಸ್ ರಹಾಯು ಆರೋಗ್ಯ ತಪಾಸಣೆಗೆ ಕರೆದರೆ ತನ್ನ ಅಕ್ಕ ಲಸ್ಮಿಯನ್ನು ತೋರಿಸುತ್ತಿದ್ದ.

"ಅವಳನ್ನ ಕರ್ಕೊಂಡು ಹೋಗಿ. ಅವಳು ಹತ್ತಿದ್ರೆ ನನ್ನ ಬಸ್ಸೇ ವಾಲುತ್ತೆ!"

"ನಿನ್ನ ಬಸ್ಸು ಯಾರಿಗೆ ಬೇಕೋ? ನಾನು ನಡ್ಕೊಂಡೇ ಹೋಗ್ತೀನಿ," ಅನ್ನುತ್ತಿದ್ದಳು ಲಸ್ಮಿ. ತರಕಾರಿ ಬುಟ್ಟಿ ಹೊತ್ತು ದಿನವೂ ಸಂತೆಗೆ ನಡೆಯುವವಳು ಅವಳು.

ಒಂದು ಮಧ್ಯಾಹ್ನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದ ಪಾರ್ದಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ನಿದ್ದೆ ಅಂದುಕೊಂಡರು ಜನ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಇನ್ನೂ ನಲವತ್ತೇಳು ವರ್ಷ.

ಏಳನೆಯ ದಿನದ ಪ್ರಾರ್ಥನೆ ಮುಗಿದು ನೆಂಟರೆಲ್ಲ ಎದ್ದು ಹೋದ ಮೇಲೆ, ಅವನ ತಮ್ಮ ತುಗಿರನ್ ಜಗಲಿಯಲ್ಲಿ ಸಿಗರೇಟು ಹಚ್ಚಿದ. ಅವನೂ ಚಾಲಕ. ಅಣ್ಣನದೇ ಮೈಕಟ್ಟು.

"ದಪ್ಪಗಿರೋ ಅಕ್ಕ ಕಲ್ಲುಗುಂಡಿನ ಹಾಗಿದ್ದಾಳೆ, ಕಡ್ಡಿಯಂಥ ಅಣ್ಣ ಹೋದ. ಕೊಬ್ಬು ಗಿಬ್ಬು ಎಲ್ಲ ಸುಳ್ಳು ಸಿಸ್ಟರ್. ಆಯಸ್ಸು ಮುಗಿದಿತ್ತು, ಅಷ್ಟೆ."

ಮನೆಯವರ ಜೊತೆ ಕೂತಿದ್ದ ರಹಾಯು ಮೆಲ್ಲಗೆ ಹೇಳಿದಳು. "ಆಯಸ್ಸು ದೇವರದು ತಮ್ಮಾ. ಸಿಗರೇಟು ಹಚ್ಚೋ ಕೈ ಯಾರದು? ತೂಕ ಒಂದನ್ನೇ ನೋಡ್ಬೇಡ. ಹೊಟ್ಟೆ ಒಳಗೆ, ಲಿವರು ಕರುಳಿನ ಸುತ್ತ ಕೂರೋ ಕೊಬ್ಬು ಕಣ್ಣಿಗೆ ಕಾಣಲ್ಲ. ತೆಳ್ಳಗಿರೋರಲ್ಲೂ ಇರುತ್ತೆ. ಬಿಪಿ, ಶುಗರ್ ಏರಿಸುತ್ತೆ. ಅದರ ಜೊತೆ ಹೊಗೆ, ದಿನಪೂರ್ತಿ ಕೂತಿರೋದು ಸೇರಿದ್ರೆ ಹೃದಯದ ನಾಳ ಬೇಗ ಕಟ್ಕೊಳ್ಳುತ್ತೆ."

"ಹಂಗಾದ್ರೆ ಅಕ್ಕಂಗೆ ಭಯಾನೇ ಇಲ್ವಾ?"

"ಇಲ್ಲ ಅಂತ ಯಾರು ಹೇಳಿದ್ರು?" ಲಸ್ಮಿಯೇ ಉತ್ತರಿಸಿದಳು. "ನಂಗೂ ಬಿಪಿ ಇದೆ ಕಣೋ. ನಡೀತೀನಿ, ಮಾತ್ರೆ ತಪ್ಪಿಸಲ್ಲ, ಅದಕ್ಕೆ ಇದ್ದೀನಿ."

ತುಗಿರನ್ ನಕ್ಕು ಮುಖ ತಿರುಗಿಸಿದ. ಆಗ ಮುರ್ನಿ ಬಾಯಿಬಿಟ್ಟಳು.

"ಹೆಣ ತೊಳೆಯೋವಾಗ ಬೆನ್ನ ಮೇಲೆ ನಾನು ಎಳೆದ ಗೀರು ಹಾಗೇ ಇತ್ತು, ತುಗಿರನ್. ಅವರು ಎದೆ ನೋವಲ್ಲಿ ಸಾಯ್ತಿದ್ರು, ನಾನು ಬೆನ್ನು ಉಜ್ತಿದ್ದೆ." ಅವಳು ಅವನತ್ತ ತಿರುಗಿದಳು. "ನಿನ್ನೆ ನಿನ್ನ ಹೆಂಡ್ತಿ ಬಂದು ತೈಲದ ಶೀಶೆ ತಗೊಂಡು ಹೋದ್ಲು. ಯಾರಿಗೆ?"

ತುಗಿರನ್ ಕೈಯಲ್ಲಿದ್ದ ಸಿಗರೇಟಿನ ಬೂದಿ ಉದ್ದಕ್ಕೆ ಬೆಳೆದು ತೊಡೆಯ ಮೇಲೆ ಬಿತ್ತು.

"ಏರು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ ಅತ್ತಿಗೆ," ಅಂದ ಕೊನೆಗೆ. "ಎಡಗೈನೂ ಸೆಳೆಯುತ್ತೆ."

"ಏಳು," ಅಂದಳು ರಹಾಯು. "ಈಗಲೇ ಹೋಗೋಣ."

ಆಸ್ಪತ್ರೆಯಲ್ಲಿ ನೋಡಿದರೆ ಹೃದಯದ ನಾಳದಲ್ಲಿ ತಡೆ ಇತ್ತು. ಸಮಯಕ್ಕೆ ಹೋಗಿದ್ದರಿಂದ ಅವನು ಉಳಿದ. ಸಿಗರೇಟು ಸುಲಭವಾಗಿ ಬಿಡಲಿಲ್ಲ. ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಈಗ ಚಹಾಕ್ಕೆ ಸಕ್ಕರೆ ಬೇಡ ಅನ್ನುತ್ತಾನೆ. ಬೆಳಗ್ಗೆ ಅಕ್ಕನ ಜೊತೆ ಸಂತೆಯವರೆಗೆ ನಡೆಯುತ್ತಾನೆ. ಪಾರ್ದಿಯ ಮಾತು ಬಂದರೆ ಇಬ್ಬರೂ ಹೆಜ್ಜೆ ಚುರುಕು ಮಾಡುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ತೆಳ್ಳಗಿದ್ದೇವೆ ಅಂತ ಮೈಮರೆಯಬೇಡಿ, ದಪ್ಪಗಿದ್ದೇವೆ ಅಂತ ನಾಚಿ ಮನೆಯಲ್ಲಿ ಕೂರಬೇಡಿ. ಸೊಂಟಕ್ಕೆ ಟೇಪು ಹಿಡಿಯಿರಿ. ಗಂಡಸರಿಗೆ ತೊಂಬತ್ತು, ಹೆಂಗಸರಿಗೆ ಎಂಬತ್ತು ಸೆಂಟಿಮೀಟರ್ ಮುಟ್ಟಿದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿ. ಕಡಿಮೆ ಇದ್ದರೂ ಹೊಗೆ ಬಿಡಿ, ನಡೆಯಿರಿ. ಎದೆ ಹಿಡಿದರೆ ಗಾಳಿ, ಗ್ಯಾಸು ಅಂತ ಕಾಯದೆ ಆಸ್ಪತ್ರೆಗೆ ಓಡಿ. "ಏನಿಲ್ಲ ಬಿಡು" ಅನ್ನುವವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಅವರನ್ನು ಇವತ್ತೇ ಇನ್ನೊಂದು ಸಲ ಕೇಳಿ.