ಸೆಲ್ಲಪ್ಪನ್ ತೂರಾಡಿದ್ದು

ಅದು ಶುರುವಾದದ್ದು ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಬೆಳಗಿನ ಐದು ಗಂಟೆಗೆ. ಪಲ್ಲಡಂ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಪಾವು ಚಾಚಿತ್ತು. ಸೀರೆಯ ಉದ್ದನೂಲನ್ನು ಬೀದಿಯುದ್ದಕ್ಕೂ ಎಳೆದುಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಬಾಚುತ್ತೇವೆ, ಅದೇ ಪಾವು. ಬಿಸಿಲೇರಿದರೆ ನೂಲು ಒಣಗಿ ಹರಿಯುತ್ತದೆ, ಅದಕ್ಕೇ ಕತ್ತಲಲ್ಲೇ ಕೆಲಸ. ಬಾಚುತ್ತಾ ಬರುತ್ತಿದ್ದ ಸೆಲ್ಲಪ್ಪನ್ ತೂರಾಡಿ ಪಾವಿನ ಮೇಲೇ ಬಿದ್ದ. ಅವನಿಗೆ ಎಪ್ಪತ್ತೊಂದು. ನೂರಾರು ಎಳೆ ಹರಿದವು.

"ಏನ್ ಚಂದ್ರಾ, ನಿನ್ ಗಂಡ ಹಲ್ಲುಜ್ಜೋಕ್ ಮುಂಚೆನೇ ಹಾಕ್ಕೊಂಡ್ ಬಂದವ್ನಾ?" ಎಂದ, ನೂಲು ಕೊಡುವ ಯಜಮಾನ ಜಯರಾಮನ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬ್ರಾಂದಿ ಅಂಗಡಿ ತೆರೆಯುವುದೇ ಮಧ್ಯಾಹ್ನ. ಅಷ್ಟು ಬುದ್ಧಿ ನಮ್ಮ ಬೀದಿಯಲ್ಲಿ ಒಬ್ಬನಿಗೂ ಓಡಲಿಲ್ಲ. ಅವನ ಬಾಯಿ ಮೂಸಿ ನೋಡುವಷ್ಟು ಕಷ್ಟವನ್ನೂ ಯಾರೂ ಪಡಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಕುಂಚ ಹಿಡಿದವನಿಗೆ, ಇನ್ನು ಪಾವಿಗೆ ಬರಬೇಡ ಅಂದುಬಿಟ್ಟರು.

ಚಂದ್ರಾ ಅವನನ್ನು ಕೋಯಮತ್ತೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಜೊತೆಗೆ ಪಕ್ಕದ ಮನೆಯ ನಾನು. ಡಾಕ್ಟರು ಸೆಲ್ಲಪ್ಪನನ್ನು ಮೆತ್ತನೆಯ ಸ್ಪಂಜಿನ ಮೇಲೆ ನಿಲ್ಲಿಸಿದರು. ಗಟ್ಟಿಯಾಗಿ ನಿಂತ. ಕಣ್ಣು ಮುಚ್ಚಿ ಎಂದರು. ನಾನು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದ. ನೆಟ್ಟಗಿದ್ದೇವೋ ವಾಲಿದ್ದೇವೋ ಎಂದು ಒಳಕಿವಿಯಿಂದ ತಲೆಗೆ ಸುದ್ದಿ ಮುಟ್ಟಿಸುವ ನರದ ಕಣಗಳು ವಯಸ್ಸಾದಂತೆ ಕಡಿಮೆಯಾಗುತ್ತವಂತೆ. ಹೋದವು ಮತ್ತೆ ಹುಟ್ಟುವುದಿಲ್ಲವಂತೆ. "ಇವರಿಗೆ ಈಗ ಕಣ್ಣೇ ಊರುಗೋಲು. ಬೆಳಕಿದ್ದರೆ ನಡೆಯುತ್ತಾರೆ," ಎಂದರು. ತಲೆ ಆಡಿಸುತ್ತಾ ನಡೆಯುವ ಅಭ್ಯಾಸವನ್ನೂ ಹೇಳಿಕೊಟ್ಟರು.

ಪೊಂಗಲ್ ಕಳೆದ ಮೇಲೆ ಮೂವರೂ ಜಯರಾಮನ್ ಮನೆಗೆ ಹೋದೆವು. ಜಗಲಿಯಲ್ಲಿ ಬೀದಿಯ ಹತ್ತು ಜನ ಕೂತಿದ್ದರು.

"ತಂಬಿ, ಬೀದಿ ಕಂಬಕ್ಕೆ ಒಂದ್ ಟ್ಯೂಬ್ ಲೈಟ್ ಹಾಕ್ಸು. ನಾನು ಬಾಚ್ತೀನಿ," ಎಂದ ಸೆಲ್ಲಪ್ಪನ್, ಕಿವಿ ಡಾಕ್ಟರ ಚೀಟಿ ಮುಂದಿಟ್ಟು.

"ಕೆಟ್ಟಿರೋದು ಕಿವಿ, ಲೈಟ್ ಕಂಬಕ್ಕಾ? ಚೆನ್ನಾಗೈತೆ. ಕುಡ್ದವ್ನಿಗೆ ಡಾಕ್ಟರ್ ಚೀಟಿ ಬೇರೆ," ಎಂದ ಜಯರಾಮನ್.

ಚಂದ್ರಾ ಬಿಸಿಲಿಗೆ ಹಾಕಿದ್ದ ಹತ್ತಿಯ ಹಾಸಿಗೆ ತೋರಿಸಿದಳು. "ಅಣ್ಣಾ, ನೀವೂ ಒಂದ್ಸಲ ಅದ್ರ ಮೇಲೆ ಕಣ್ಮುಚ್ಚಿ ನಿಲ್ಲಿ."

ಹತ್ತು ಜನರ ಮುಂದೆ ಹಿಂಜರಿಯುವ ಗಂಡಸೇ ಅವನು? ಪಂಚೆ ಎತ್ತಿ ಕಟ್ಟಿ ಹತ್ತಿದ. ಅವನಿಗೂ ಅರವತ್ತೆಂಟು. ಮೂರು ಎಣಿಸುವಷ್ಟರಲ್ಲಿ ಕೈ ಬಡಿಯುತ್ತಾ ಹೋಗಿ ಜಗಲಿಯ ಕಂಬ ತಬ್ಬಿಕೊಂಡ.

"ಅಣ್ಣಂಗೆ ಇಷ್ಟ್ ಬೇಗ ಯಾವ ಅಂಗಡಿ ತೆರ್ದಿತ್ತೋ," ಎಂದಳು ಚಂದ್ರಾ.

ಯಾರೂ ನಗಲಿಲ್ಲ. ಮಾರ್ಗಳಿಯಲ್ಲಿ ಕಿವಿಯವರೆಗೆ ಹರಿದಿದ್ದ ಬಾಯಿಗಳೆಲ್ಲ ಹೊಲಿದಂತಿದ್ದವು.

"ಪಂಚೆ ಕಾಲಿಗೆ ಸಿಕ್ತು," ಎಂದ ಜಯರಾಮನ್.

"ಪಂಚೆನೇ ಅಣ್ಣಾ, ನಾನೇ ನೋಡ್ದೆ," ಎಂದ, ಅವನ ನೂಲನ್ನೇ ನೇಯುವ ದಂಡಪಾಣಿ. ಮೊಣಕಾಲ ಮೇಲೆ ಕಟ್ಟಿದ ಪಂಚೆ ಕಾಲಿಗೆ ಸಿಕ್ಕಿದ್ದನ್ನು ಉಳಿದವರೂ ಕಂಡರಂತೆ.

ಲೈಟು ಬರಲಿಲ್ಲ. ಪೋತ್ತನೂರಿನಲ್ಲಿ ಚಂದ್ರಾಳ ತಮ್ಮನ ಪಾವು ಷೆಡ್ಡಿನೊಳಗೇ ಚಾಚುತ್ತದೆ, ಬೆಳಗಿನಿಂದಲೇ ಲೈಟು ಉರಿಯುತ್ತದೆ. ಪೊಂಗಲ್ ಬಂದ ತೈ ತಿಂಗಳ ಕೊನೆಯ ಸೋಮವಾರ, ಹೊತ್ತು ಚೆನ್ನಾಗಿ ಏರಿದ ಮೇಲೆ, ಸೆಲ್ಲಪ್ಪನ್ ಚಂದ್ರಾಳ ಜೊತೆ ಅಲ್ಲಿಗೆ ಹೊರಟುಹೋದ.