ಗಂಗಾ ಇಲ್ಲಿ ಕೆಲಸಕ್ಕಿರಲಿಲ್ಲ

ಗಂಗಾಳ ಬಲಗೈ ಹತ್ತಿ ಮಿಲ್ಲಿನ ಉರುಳೆಗೆ ಸಿಕ್ಕಾಗ ರೇವತಿ ಎದುರಿಗೇ ನಿಂತಿದ್ದಳು. ಬಿಳಿ ಹತ್ತಿ ನೋಡನೋಡುತ್ತಲೇ ಕೆಂಪಾಯಿತು. ಪಕ್ಕದ ಯಂತ್ರದ ಸರ್ವರಬೇಗಂ ಕಿರುಚುತ್ತ ಓಡಿ ಮೋಟಾರು ಬಂದ್ ಮಾಡಿದಳು. ಅಷ್ಟರೊಳಗೆ ಬೆರಳುಗಳು ಹೋಗಿದ್ದವು.

ರೇವತಿ ಮಿಲ್ಲಿನ ಆಳಲ್ಲ. ದೇವಾಪುರದ ಕೂಲಿ ಮಲ್ಲಾಬಾಯಿಯ ಮಗಳು. ಕಲಬುರಗಿಯ ಒಂದು ಕಾಲೇಜಿನಲ್ಲಿ ಕಾರ್ಮಿಕ ಕಾನೂನು ಮತ್ತು ಕೈಗಾರಿಕಾ ಸಂಬಂಧಗಳ ಎಂ.ಎ. ಓದುತ್ತಿದ್ದಳು. ಕೊನೆಯ ಸೆಮಿಸ್ಟರಿಗೆ ಕಾರ್ಖಾನೆಯೊಂದರಲ್ಲಿದ್ದು ಕಲಿಯಬೇಕು. ಮಾಲೀಕ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ಪರೀಕ್ಷೆ. ಅದಕ್ಕೇ ಶಹಾಪುರದ ಈ ಮಿಲ್ಲಿಗೆ ಬಂದು ತಿಂಗಳುಗಟ್ಟಲೆ ಹತ್ತಿಯ ಧೂಳು ಕುಡಿದಿದ್ದಳು.

ಗಂಗಾಳ ಪರವಾಗಿ ಪರಿಹಾರದ ಅರ್ಜಿ ಬರೆದವಳೂ ಅವಳೇ. ಯಾದಗಿರಿಯ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಮಾಲೀಕ ಮಹೇಶಕುಮಾರ ಅವಳನ್ನು ತನ್ನ ಕೋಣೆಗೆ ಕರೆಸಿದ.

“ಕುಂಡ್ರವಾ. ಚಹಾ ಕುಡೀತಿಯೇನು?” ದನಿ ಮೆತ್ತಗಿತ್ತು. “ಗಂಗಾಗ ತಿಳಿಸಿ ಹೇಳು. ಯಾರನ್ನೋ ನೋಡಾಕ ಮಿಲ್ಲಿಗೆ ಬಂದಿದ್ದೆ, ಸುಮ್ನ ಮಷಿನ್ ಮುಟ್ಟಿದೆ ಅಂತ ಹೇಳ್ಲಿ. ದವಾಖಾನಿದು ನಾ ನೋಡ್ಕೋತೀನಿ.”

“ಆಕಿ ಇಲ್ಲೇ ದುಡೀತಿದ್ಳಲ್ರಿ ಸರ್. ನಾನ ನೋಡೀನಿ.”

“ಗುತ್ತೇದಾರ ಕರ್ಕೊಂಡು ಬಂದವರೆಲ್ಲ ನಮ್ಮವರಾಗ್ತಾರೇನು? ಅದಿರ್ಲಿ, ನಿನಗ ಸರ್ಟಿಫಿಕೇಟ್ ಬೇಕೋ ಬ್ಯಾಡೋ?”

ರೇವತಿ ಚಹಾ ಮುಟ್ಟದೆ ಹೊರಗೆ ಬಂದಳು. ಕಾಲೇಜಿನ ಮೇಷ್ಟ್ರು ಶಾಂತಕುಮಾರರಿಗೆ ಫೋನು ಹಚ್ಚಿದಳು.

“ಮೊದ್ಲು ಡಿಗ್ರಿ ತಗೋಳವಾ. ಆಮ್ಯಾಲ ಎಷ್ಟರೆ ಹೋರಾಡು. ನಾಳಿ ಒಂದಿನ ಬಾಯಿ ಮುಚ್ಕೊಂಡಿದ್ರ ಆತು,” ಎಂದರು ಅವರು.

ಗುತ್ತಿಗೆಯವರ ಮೂಲಕ ಬಂದ ಆಳಿಗೂ ಮಾಲೀಕನೇ ಹೊಣೆ ಎಂದು ತರಗತಿಯಲ್ಲಿ ಮೇಜು ಗುದ್ದಿ ಕಲಿಸಿದವರು ಇವರೇ.

ಸಂಜೆ ಗಂಗಾಳ ತಗಡಿನ ಮನೆಗೆ ಹೋದಳು. ಗಂಗಾ ರೊಟ್ಟಿಯನ್ನು ಮೊಣಕಾಲಿಗೆ ಒತ್ತಿಹಿಡಿದು ಎಡಗೈಯಲ್ಲಿ ಮುರಿಯುತ್ತಿದ್ದಳು. ಮಾಲೀಕನ ಮಾತು ಹೇಳಿಬಿಡಬೇಕೆಂದು ರೇವತಿ ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದಳು. ಆ ರೊಟ್ಟಿ ಜಾರಿ ನೆಲಕ್ಕೆ ಬಿತ್ತು. ರೇವತಿ ಅದನ್ನೆತ್ತಿ ಧೂಳು ಒರೆಸಿ ಮುರಿದುಕೊಟ್ಟಳು; ಮಾಲೀಕನ ಮಾತು ಎತ್ತಲಿಲ್ಲ.

“ನಾಳಿ ನೀನೂ ಬರ್ತೀ ಹೌದಿಲ್ಲೋ?” ಗಂಗಾ ಕೇಳಿದಳು.

“ಬರ್ತೀನಕ್ಕ.”

ಯಾದಗಿರಿಯಲ್ಲಿ ಮಿಲ್ಲಿನ ವಕೀಲ ಎದ್ದು, ಗಂಗಾ ಎಂಬವಳು ತಮ್ಮಲ್ಲಿ ಕೆಲಸಕ್ಕಿರಲೇ ಇಲ್ಲ ಎಂದ. ರೇವತಿ ಎದ್ದು ನಿಂತು ಕಣ್ಣಾರೆ ಕಂಡದ್ದನ್ನೆಲ್ಲ ಹೇಳಿದಳು.

ವಕೀಲ ನಕ್ಕ. “ಈಕಿ ಯಾರ್ರಿ ಸಾಹೇಬ್ರ? ನಮ್ಮ ಮಿಲ್ಲಿಗೆ ಯಾವ ವಿದ್ಯಾರ್ಥಿನೂ ಬಂದಿಲ್ಲ.”

ಮಹೇಶಕುಮಾರ ಕಿಟಕಿಯತ್ತ ನೋಡುತ್ತಿದ್ದ. ಇನ್ನು ಸರ್ಟಿಫಿಕೇಟ್ ಸಿಗುವುದಿಲ್ಲ ಎಂದು ರೇವತಿಗೆ ತಿಳಿಯಿತು. ಗಂಗಾಳ ಕೈ ಹೋದಂತೆ ತನ್ನ ಓದೂ ಹೋಯಿತು. ಕಣ್ಣು ತುಂಬಿತು, ಆದರೆ ಕೂರಲಿಲ್ಲ.

ಮಾಲೀಕ ತನ್ನ ಕಾರಿನಲ್ಲೇ ಕರೆತಂದಿದ್ದ ಸಾಕ್ಷಿ ಸರ್ವರಬೇಗಂ. “ಗಂಗಾ ನಿಮ್ಮ ಜೊತೆ ಕೆಲಸ ಮಾಡುತ್ತಿದ್ದಳೇ?” ಎಂದು ಅಧಿಕಾರಿ ಕೇಳಿದರು. ಅವಳು ಬುರ್ಖಾದ ಅಂಚು ಹಿಂಡುತ್ತ ಗಂಗಾಳ ಕಡೆ ನೋಡಿದಳು.

“ಆಕಿ ಇರ್ಲಿಲ್ಲಂದ್ರ ನಾನೂ ಇರ್ಲಿಲ್ರಿ ಸಾಬ್. ಒಂದ ಸಾಲಿನಾಗ ನಿಂತು ದುಡದೀವಿ. ಮೋಟಾರ್ ಬಂದ್ ಮಾಡಿದಾಕಿ ನಾನ. ಹತ್ತ್ಯಾಗಿಂದ ಆಕಿ ಬೆರಳು ಆರಿಸಿದಾಕೀನೂ ನಾನ.”

ಅಧಿಕಾರಿ ಬರೆದುಕೊಂಡು ವಿಚಾರಣೆ ಮುಂದಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ಕಾವಲುಗಾರ ಅಮಾತೆಪ್ಪ ಸರ್ವರಬೇಗಂಳನ್ನು ತಡೆದ. “ನಿಮ್ಮನ್ನ ಒಳಗ ಬಿಡಬ್ಯಾಡ ಅಂದಾರವಾ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಅವಳು ಅಲ್ಲೇ ಮಣ್ಣಿನಲ್ಲಿ ಕೂತಳು. ಸುದ್ದಿ ತಿಳಿದು ಗಂಗಾ, ರೇವತಿ ಓಡಿಬಂದು ಪಕ್ಕದಲ್ಲಿ ಕೂತರು. ಬುತ್ತಿ ಹಿಡಿದು ಬಂದಿದ್ದ ಹೆಂಗಸರಲ್ಲಿ ಕೆಲವರು ಒಳಗೂ ಹೋಗದೆ ಹೊರಗೂ ಕೂರದೆ ನಿಂತೇ ಇದ್ದರು. ಆಗ ಹೊಸ ಹೆಣ್ಣಾಳುಗಳನ್ನು ತುಂಬಿಕೊಂಡು ಟಂಟಂ ಆಟೊ ಬಂತು. ಮೊದಲು ಇಳಿದವಳು ರೇವತಿಯ ತಾಯಿ ಮಲ್ಲಾಬಾಯಿ.

“ಓದಾಕ ಹೋದಾಕಿ ಬೀದ್ಯಾಗ ಯಾಕ ಕುಂತೀಯ?”

“ನೀ ಯಾಕ ಬಂದಿ ಯವ್ವಾ?”

“ಇಲ್ಲಿ ಪಗಾರ ಚೊಲೋ ಐತಿ ಅಂದ್ರು. ನಿನ್ನ ಪರೀಕ್ಷಿ ಬಂತಲ್ಲ, ಅದಕ್ಕ ಬಂದೆ.”

“ಈ ವರ್ಷ ಪರೀಕ್ಷಿ ಇಲ್ಲ ಯವ್ವಾ.” ರೇವತಿ ಆದದ್ದೆಲ್ಲ ಹೇಳಿದಳು.

ಮಲ್ಲಾಬಾಯಿಯ ಮುಖ ಕಪ್ಪಿಟ್ಟಿತು. ಈ ಓದಿಗಾಗಿ ಅವಳು ಕಂಡವರ ಹೊಲದಲ್ಲಿ ಸೊಂಟ ಬಾಗಿಸಿದ್ದಳು. ಮಗಳಿಗೆ ಹೊಡೆಯಲೆಂದೇ ಕೈಯೆತ್ತಿದಳು. ನಡುವೆ ಗಂಗಾಳ ಮೊಂಡು ಕೈ ಕಂಡಿತು. ಬಾಗಿ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

“ಯಪ್ಪಾ... ಇದು ಇಲ್ಲೇ ಆತೇನವಾ?”

ಗಂಗಾ ತಲೆಯಾಡಿಸಿದಳು.

“ಒಳಗ ಬರೋರು ಲಗೂ ಬರ್ರಿ!” ಮಹೇಶಕುಮಾರ ಗೇಟಿನಿಂದ ಕೂಗಿದ. ಟಂಟಂನಿಂದ ಇಳಿದವರಲ್ಲಿ ಹಲವರು ತಲೆ ತಗ್ಗಿಸಿ ಒಳಗೆ ನಡೆದರು. ಮಲ್ಲಾಬಾಯಿ ಅವರನ್ನು ಬೈಯಲಿಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದವು. ಅವಳು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಗಾಳ ಪಕ್ಕ ಕೂತಳು.

“ನಿನ್ನ ಓದಿನಾಗ ಇದಕ್ಕ ಏನಂತ ಬರದಾರ, ಹೇಳು. ನನಗೊಬ್ಬಾಕಿಗಿ ಬ್ಯಾಡ. ಎಲ್ಲಾರಿಗೂ ಕೇಳೂ ಹಂಗ ಹೇಳು.”

ರೇವತಿ ಎದ್ದಳು. ಒಳಗೆ ಯಂತ್ರಗಳು ಸುರುವಾಗಿದ್ದವು. ತರಗತಿಯ ಮಾತುಗಳು ಬಾಯಿಗೆ ಬರಲಿಲ್ಲ. ಗುತ್ತೇದಾರ ಕರೆತಂದ ಆಳಿಗೂ ಮಾಲೀಕನೇ ಹೊಣೆ ಎಂದು ದೇವಾಪುರದ ಮಾತಿನಲ್ಲೇ, ಯಂತ್ರದ ಸದ್ದಿಗಿಂತ ಜೋರಾಗಿ ಹೇಳತೊಡಗಿದಳು. ಗೇಟು ದಾಟುತ್ತಿದ್ದ ಇಬ್ಬರು ಹೆಂಗಸರು ನಿಂತು, ಹಿಂದಕ್ಕೆ ತಿರುಗಿದರು.